ಬೆಳವಣಿಗೆ ಬ್ರದರ್

ಕೋಲಾರ ಜಿಲ್ಲೆಯ ಯಾವ ಕ್ರೈಸ್ತ ಸಭೆಗೆ ಹೋದರೂ ಇವರು ಸಿಗುತ್ತಾರೆ. ಮಾಲೂರಿನಲ್ಲಿ ಇವರು ಹೆಂಚಿನ ಕಾರ್ಖಾನೆಯ ರೈಟರ್, ಮುಳಬಾಗಿಲಿನಲ್ಲಿ ಎಲ್‌ಐಸಿ ಏಜೆಂಟ್, ಶ್ರೀನಿವಾಸಪುರದಲ್ಲಿ ಮಾವಿನ ಮಂಡಿಯ ಲೆಕ್ಕದವರು. ನಾನು ಹತ್ತಿರದಿಂದ ಬಲ್ಲವರು ಕೋಲಾರದವರು, ಖಜಾನೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರೊಂದು ರಿಜಿಸ್ಟರಿನಲ್ಲಿದೆ. ಸಭೆಯ ಬಾಯಲ್ಲಿ ಮಾತ್ರ ‘ಬೆಳವಣಿಗೆ ಬ್ರದರ್’, ಅದೂ ಬೆನ್ನ ಹಿಂದೆ. ಎದುರಿಗೆ ಬಂದಾಗ ಎಲ್ಲರೂ ‘ಅಂಕಲ್’ ಅನ್ನುತ್ತಾರೆ.

ಹೆಸರು ಸುಮ್ಮನೆ ಬಂದದ್ದಲ್ಲ. ಭಾನುವಾರದ ಆರಾಧನೆ ಮುಗಿದು, ಅಯ್ಯನವರು ಆಶೀರ್ವಾದ ಕೊಟ್ಟು, ಜನ ಮಟನ್ ಅಂಗಡಿಯ ಸಾಲನ್ನು ನೆನೆದು ಬೇಗ ಬೇಗ ಹೊರಡುವ ಹೊತ್ತಿಗೆ ಇವರು ಒಬ್ಬರ ಕೈ ಹಿಡಿಯುತ್ತಾರೆ. ಹಿಡಿದ ಕೈ ಬಿಡದೆ, “ಏನ್ ಬ್ರದರ್, ಆತ್ಮಿಕವಾಗಿ ಬೆಳೀತಾ ಇದೀರಾ?” ಎಂದು ಕೇಳುತ್ತಾರೆ.

ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟವರನ್ನು ನಾನಿನ್ನೂ ನೋಡಿಲ್ಲ. ಹೌದು ಅಂದರೆ ಅಹಂಕಾರ. ಇಲ್ಲ ಅಂದರೆ ಹಿಂಜಾರಿಕೆ, ಗುರುವಾರ ನಿಮ್ಮ ಮನೆಯಲ್ಲೇ ಕೂಟ, ಹದಿನೈದು ಜನಕ್ಕೆ ಟೀ, ಬಿಸ್ಕತ್ತು. ಬುದ್ಧಿವಂತನೊಬ್ಬ “ಎಲ್ಲಾ ದೇವರ ಕೃಪೆ ಅಂಕಲ್” ಎಂದು ಜಾರಿಕೊಳ್ಳಲು ನೋಡಿದ. “ಕೃಪೆ ಇರಲಿ ಕಣಪ್ಪ, ಎಷ್ಟು ಬೆಳೆದೆ ಅದು ಹೇಳು” ಎಂದರು. ಖಜಾನೆಯಲ್ಲಿ ಮೂವತ್ತು ವರ್ಷ ಕೂತವರ ಮುಂದೆ ಮೊತ್ತ ಹೇಳದ ಬಿಲ್ಲು ಪಾಸಾಗುವುದಿಲ್ಲ.

ತಪ್ಪು ಪೂರ್ತಿ ಇವರದೂ ಅಲ್ಲ, ರಕ್ತದಲ್ಲೇ ಬಂದದ್ದು. ನಮ್ಮ ಮೆಥಡಿಸ್ಟ್ ಸಭೆಯ ಮೂಲಪುರುಷ ಜಾನ್ ವೆಸ್ಲಿ ಆಕ್ಸ್‌ಫರ್ಡಿನಲ್ಲಿದ್ದಾಗ ತನ್ನ ಭಕ್ತಿ ಯಾವ ಮಟ್ಟದಲ್ಲಿದೆ ಎಂದು ಗಂಟೆಗಂಟೆಗೂ ದಿನಚರಿಯಲ್ಲಿ ಒಂದರಿಂದ ಒಂಬತ್ತರವರೆಗೆ ಅಂಕ ಹಾಕಿಕೊಳ್ಳುತ್ತಿದ್ದ. ಅವನೂ ಅವನ ಗೆಳೆಯರೂ ಎಲ್ಲವನ್ನೂ ಅಷ್ಟು ಕ್ರಮವಾಗಿ ಮಾಡುವುದನ್ನು ಕಂಡು ಜೊತೆಯವರು ಗೇಲಿಗೆ ಇಟ್ಟ ಅಡ್ಡಹೆಸರೇ ‘ಮೆಥಡಿಸ್ಟ್’. ಆಮೇಲೆ 1742ರಲ್ಲಿ, ಬ್ರಿಸ್ಟಲ್‌ನ ಪ್ರಾರ್ಥನಾ ಮಂದಿರಕ್ಕೆ ಮಾಡಿದ ಸಾಲ ತೀರಿಸಬೇಕಾಗಿ ಬಂತು. ಹನ್ನೆರಡು ಮಂದಿಗೊಬ್ಬ ಮುಖಂಡ, ತಲೆಗೆ ವಾರಕ್ಕೊಂದು ಪೆನ್ನಿ ಎಂದು ಗೊತ್ತುಮಾಡಿದರು. ವಸೂಲಿಗೆ ಹೋದವರು ಮನೆಯೊಳಗೆ ಕಾಲಿಟ್ಟರೆ ಒಂದು ಕಡೆ ಕುಡಿತ, ಇನ್ನೊಂದು ಕಡೆ ಗಂಡಹೆಂಡಿರ ಜಗಳ. ಕಾಸು ಕೇಳುವಾಗ ಆತ್ಮದ ಯೋಗಕ್ಷೇಮವನ್ನೂ ಕೇಳಿಬಿಡೋಣ ಎಂದು ವಾರವಾರದ ‘ಕ್ಲಾಸ್’ ಹುಟ್ಟಿತು. ವಸೂಲಿಯಲ್ಲಿ ಹುಟ್ಟಿದ ಆತ್ಮಿಕತೆ ಖಜಾನೆ ಗುಮಾಸ್ತರಿಗೆ ಹಿಡಿಸದೆ ಇನ್ಯಾರಿಗೆ ಹಿಡಿಸೀತು?

ಅವರ ಮುತ್ತಜ್ಜನ ಕಾಲದಲ್ಲಿ ಬೆಳವಣಿಗೆ ಅಂದರೆ ಮೈಗೆ ಮಾಂಸ ಹತ್ತುವುದು, ಅಷ್ಟೇ. 1876–78ರ ಬರದಲ್ಲಿ ಕೋಲಾರದಲ್ಲಿ ಮಿಸ್ ಆನ್‌ಸ್ಟೆ ಎಂಬ ಇಂಗ್ಲಿಷ್ ಹೆಂಗಸು ಅನಾಥ ಮಕ್ಕಳನ್ನು ಸೇರಿಸಿಕೊಂಡು ಸಾಕಿದಳು. 1890ರಲ್ಲಿ ಅವಳ ಮಿಶನ್ ಅಮೆರಿಕದ ಮೆಥಡಿಸ್ಟರ ಕೈಗೆ ಬಂತು. ಮುತ್ತಜ್ಜ ಅಲ್ಲಿ ಗಂಜಿ ಕುಡಿದು ಉಳಿದ ಹುಡುಗನಂತೆ. “ಅವರು ಕೈಯಲ್ಲಿ ಬೋಗುಣಿ ಹಿಡಿದು ಬಂದರು, ನಾವು ಬೈಬಲ್ ಹಿಡಿದು ನಿಂತಿದ್ದೇವೆ. ಎಷ್ಟು ಬೆಳವಣಿಗೆ ನೋಡಿ” ಎಂದು ಬ್ರದರ್ ಸಂಡೇ ಸ್ಕೂಲಿನ ಮಕ್ಕಳಿಗೆ ಹೇಳುತ್ತಾರೆ. ಮಕ್ಕಳು ಬೋಗುಣಿಯಲ್ಲಿ ಏನಿತ್ತು ಎಂದು ಕೇಳುತ್ತಾರೆ.

ಅವರ ಲೆಕ್ಕದ ಪುಸ್ತಕ ನೋಡಿದ್ದೇನೆ. ಉದ್ದನೆಯದು, ಕೆಂಪು ಬಟ್ಟೆಯ ಬೆನ್ನು. ಧ್ಯಾನ, ವೇದಪಾಠ, ಉಪವಾಸ, ದಶಮಾಂಶ, ಸಾಕ್ಷಿ, ಕೋಪ ಎಂದು ಕಲಮುಗಳು. ಆದದ್ದಕ್ಕೆ ನೀಲಿ ಶಾಯಿ, ತಪ್ಪಿದ್ದಕ್ಕೆ ಕೆಂಪು. ಕೋಪದ ಕಲಮು ಮಾತ್ರ ಖಾಲಿ. ಸಿಟ್ಟೇ ಬರುವುದಿಲ್ಲವೇ ಎಂದು ಕೇಳಿದೆ. ಒಳಗಿನಿಂದ ಹೆಂಡತಿ, “ಬರುತ್ತೆ, ಬಂದಾಗ ಪುಸ್ತಕ ಎತ್ತಿ ಎಸೀತಾರೆ, ಆಮೇಲೆ ಬರೆಯೋಕೆ ಸಿಗಲ್ಲ” ಎಂದರು.

ಬೈಬಲಿನ ಅರವತ್ತಾರು ಪುಸ್ತಕಗಳಲ್ಲಿ 1189 ಅಧ್ಯಾಯಗಳಿವೆ. ದಿನಕ್ಕೆ ಮೂರು, ಭಾನುವಾರ ಐದು ಓದಿದರೆ ವರ್ಷದೊಳಗೆ ಮುಗಿಯುತ್ತದೆ. ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ತಟ್ಟೆಯಿಂದ ವಾಗ್ದಾನದ ಕಾರ್ಡು ಎತ್ತಿಕೊಂಡು (ಮೊದಲ ಕಾರ್ಡಿನಲ್ಲಿ ಶೋಧನೆಯ ಮಾತಿದ್ದರೆ ಅದನ್ನು ಅಡಿಗೆ ಸೇರಿಸಿ ಇನ್ನೊಂದು ಎತ್ತುತ್ತಾರೆ) ಮರುದಿನ ಬೆಳಿಗ್ಗೆ ಆದಿಕಾಂಡ ಶುರು. ಜನವರಿಯ ಕೊನೆಗೆ ಯಾಜಕಕಾಂಡ. ಹೆಚ್ಚಿನ ವಿಶ್ವಾಸಿಗಳು ಅಲ್ಲಿ ಬಲಿಗಳ ನಡುವೆ ಕಾಲುಜಾರಿ ಮುಂದಿನ ಹೊಸವರ್ಷದವರೆಗೆ ಏಳುವುದಿಲ್ಲ. ಬ್ರದರ್ ಜಗ್ಗುವವರಲ್ಲ. ಮನೆಗೋಡೆಗೆ ಬೂಷ್ಟು ಹಿಡಿದರೆ ಏನು ಮಾಡಬೇಕೆಂಬ ಹದಿನಾಲ್ಕನೆಯ ಅಧ್ಯಾಯ ಓದಿದ ದಿನ ಹಿತ್ತಿಲ ಗೋಡೆಯನ್ನು ಬಹಳ ಹೊತ್ತು ದಿಟ್ಟಿಸಿ, ಆ ವಾರವೇ ಸುಣ್ಣ ಹೊಡೆಸಿದರು. ಇವರ ವೇದಪಾಠದಿಂದ ಮನೆಗೆ ಕಣ್ಣಿಗೆ ಕಾಣುವಂಥ ಉಪಯೋಗ ಆದದ್ದು ಅದೊಂದೇ ಸಲ ಎಂದು ಹೆಂಡತಿಯ ಅಭಿಪ್ರಾಯ.

ಉಪವಾಸ ಬುಧವಾರ ಮತ್ತು ಶುಕ್ರವಾರ. ಉಪವಾಸ ಮಾಡುವವರು ಮುಖ ಬಾಡಿಸಿಕೊಂಡು ತೋರಿಸಿಕೊಳ್ಳದೆ, ತಲೆಗೆ ಎಣ್ಣೆ ಹಚ್ಚಿ ಗುಟ್ಟಾಗಿರಬೇಕೆಂದು ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿದೆ. ಬ್ರದರ್ ಅಕ್ಷರಶಃ ಪಾಲಿಸುತ್ತಾರೆ. ಉಳಿದ ಐದು ದಿನ ಒಣಗಿದ ತಲೆ, ಬುಧವಾರ ಮತ್ತು ಶುಕ್ರವಾರ ಅಂಗೈ ತುಂಬ ಕೊಬ್ಬರಿ ಎಣ್ಣೆ. ಅವರು ಹೊಳೆಯುತ್ತ ಬೀದಿಗಿಳಿದರೆ ತರಕಾರಿ ಗಾಡಿಯವನೂ “ಇವತ್ತು ಅಂಕಲ್ ಉಪವಾಸ” ಅನ್ನುತ್ತಾನೆ. ಮುಳಬಾಗಿಲಿನ ಕೂಟ ಇದ್ದ ದಿನ ಮಾತ್ರ ಉಪವಾಸ ಮಧ್ಯಾಹ್ನವೇ ಮುಗಿಯುತ್ತದೆ. ಆ ಊರಿನ ದೋಸೆಕಲ್ಲಿನ ಮುಂದೆ, ತುಪ್ಪದ ವಾಸನೆಯಲ್ಲಿ, ಸಂಜೆಯವರೆಗೆ ಎಳೆಯಿರಿ ಎಂದು ನಾನಂತೂ ಯಾರಿಗೂ ಹೇಳಲಾರೆ.

ಮಾಲೂರಿನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ಪ್ಯಾಸೆಂಜರ್ ಇನ್ನೊಂದು ಸೇವಾಕ್ಷೇತ್ರ. ಪಾಸಿನ ಹುಡುಗರು ಇವರನ್ನು ಪ್ಲಾಟ್‌ಫಾರಂನಲ್ಲಿ ಕಂಡರೆ ಸಾಕು, ರೈಲು ಹೊರಡುವ ಮುಂಚೆಯೇ ನಿದ್ದೆಗೆ ಇಳಿಯುತ್ತಾರೆ. ವೈಟ್‌ಫೀಲ್ಡ್ ಬರುವವರೆಗೆ ಒಬ್ಬರಿಗೂ ಎಚ್ಚರವಾಗುವುದಿಲ್ಲ. ಯೌವನಸ್ಥರ ಆತ್ಮಿಕ ನಿದ್ರೆ ಎಂಬ ವಿಷಯದ ಮೇಲೆ ಅವರು ಮಾಡುವ ಪ್ರಸಂಗಕ್ಕೆ ಆಧಾರ ಈ ರೈಲೇ.

ಪ್ರಸಂಗ ಅಂದೆನಲ್ಲ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತದಲ್ಲಿ ಸಂಸ್ಕರಣೆಗೊಂಡು ಕೋಲಾರದ ಕೆರೆಗಳಿಗೆ ಬಂತು. ಎರಡು ಸಾಲದು, ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕು ಎಂದು ಜಿಲ್ಲೆಯಲ್ಲಿ ಗಲಾಟೆಯೆದ್ದಿತು. ಬ್ರದರ್‌ಗೆ ಅಷ್ಟು ಸಾಕಾಯಿತು. ಪಾಪಕ್ಷಮಾಪಣೆ ಒಂದನೆಯ ಹಂತ, ಪರಿಶುದ್ಧತೆ ಎರಡನೆಯದು, ಸಂಪೂರ್ಣತೆ ಮೂರನೆಯದು. “ನಮ್ಮಲ್ಲಿ ಎಷ್ಟೋ ಜನ ಎರಡನೆಯದರಲ್ಲೇ ಕೆರೆಗೆ ಬಂದುಬಿಟ್ಟಿದ್ದೇವೆ ಬ್ರದರ್ಸ್!” ಎಂದು ಮೇಜು ಗುದ್ದಿದರು. ಹಿಂದಿನ ಬೆಂಚಿನಿಂದ ಟೊಮೆಟೊ ಬೆಳೆಯುವವನೊಬ್ಬ, “ಬೋರಲ್ಲಿ ನೀರು ಬಂತಲ್ಲ ಅಂಕಲ್, ಮೊದ್ಲು ಅದಕ್ಕೊಂದು ಸ್ತೋತ್ರ ಹೇಳಿ ಮುಂದಕ್ಕೆ ಓಗಾಣ” ಎಂದ. ಆ ದಿನದ ಪ್ರಸಂಗದಲ್ಲಿ ನನಗೆ ನೆನಪಿರುವುದು ಅವನ ಮಾತೇ.

ಪ್ರಾರ್ಥನೆಯಲ್ಲಿ ಬ್ರದರ್ ಕಾವೇರಿದ ಹಾಗೆಲ್ಲ ಕನ್ನಡ ಬಿಟ್ಟು ತೆಲುಗಿಗೆ ಹೋಗುತ್ತಾರೆ, ಇನ್ನೂ ಏರಿದರೆ ತಮಿಳು. ಗಡಿನಾಡಿನವರಾದ ನಮಗೆ ಅದು ದಿನದ ಮಾತು. ಧಾರವಾಡದ ಕಡೆಯಿಂದ ಬಂದಿದ್ದ ಅತಿಥಿಯೊಬ್ಬರು ಮಾತ್ರ ಅನ್ಯಭಾಷೆಯ ವರ ಎಂದು ತಿಳಿದು ಎದ್ದು ನಿಂತು ಕಣ್ಣೀರಿಟ್ಟರು. ಯಾರೂ ತಿದ್ದಲಿಲ್ಲ. ಬ್ರದರ್ ಪುಸ್ತಕದಲ್ಲಿ ನೀಲಿ ಶಾಯಿ.

ಅವರು ಸೋತದ್ದು ಶ್ರೀನಿವಾಸಪುರದಲ್ಲಿ. ಮೇ ತಿಂಗಳು, ಮಾವಿನ ಭರಾಟೆ. ಅಂಥ ಊರಿನಲ್ಲಿ ಪವಿತ್ರಾತ್ಮನ ಫಲಗಳ ಬಗ್ಗೆ ಮಾತಾಡದೆ ಇರಲಾದೀತೆ? ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಒಂಬತ್ತು ಫಲಗಳಿವೆ, ಒಂದೊಂದಕ್ಕೆ ಇಪ್ಪತ್ತು ನಿಮಿಷ ಎಂದು ಇಟ್ಟುಕೊಂಡಿದ್ದರು. ನಾಲ್ಕನೆಯದಾದ ತಾಳ್ಮೆಗೆ ಬರುವಾಗ ಹನ್ನೊಂದೂವರೆ. ಮುಂದೆ ಕೂತಿದ್ದ ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದಳು.

“ಅಯ್ಯಾ, ತಾಳ್ಮೆ ನಮ್ಮತ್ರ ಆಯ್ತು. ಮಿಕ್ಕ ಐದು ಮುಂದಿನ ತಿಂಗ್ಳು ತಕ್ಕೊಂಡ್ ಬಾ. ತೋತಾಪುರಿ ಗಾಡಿ ಮಂಡೀಗೆ ಓಗ್ಬೇಕು.”

ಕೂಟ ಅಲ್ಲಿಗೇ ಮುಗಿಯಿತು. ಬರುವಾಗ ಬಸ್ಸಿನಲ್ಲಿ ಅವರ ಕಾಲಬಳಿ ಅಜ್ಜಿ ಕೊಟ್ಟ ಬಾದಾಮಿ ಮಾವಿನ ಪುಟ್ಟಿ ಇತ್ತು. ಆ ಸಭೆ ಇನ್ನೂ ಬೆಳೆದಿಲ್ಲ ಎಂದು ದಾರಿಯುದ್ದಕ್ಕೂ ಹೇಳುತ್ತ, ಹಣ್ಣು ಮಾತ್ರ ಚೆನ್ನಾಗಿ ಬೆಳೆದಿದೆ ಎಂದು ಒಪ್ಪಿಕೊಂಡರು.

ಶುಭ ಶುಕ್ರವಾರದ ಶಿಲುಬೆಯ ಏಳು ಮಾತುಗಳಲ್ಲಿ ಇವರ ಪಾಲಿಗೆ ಅಯ್ಯನವರು ಯಾವಾಗಲೂ ಐದನೆಯದನ್ನೇ ಕೊಡುತ್ತಾರೆ. ಬಾಯಾರಿಕೆಯ ಆ ಮಾತು ತೀರಾ ಚಿಕ್ಕದು, ಬೇಗ ಮುಗಿಸಿಯಾರು ಎಂಬ ಆಸೆ. ಏಪ್ರಿಲ್ ಬಿಸಿಲಿನಲ್ಲಿ ಮುಕ್ಕಾಲು ಗಂಟೆ ಕೇಳಿ ಹೊರಬಂದವರಿಗೆ ಬಾಯಾರಿಕೆಯ ಅರ್ಥ ಆಗದೆ ಇರುವುದಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅನ್ಯಾಯವಾದೀತು. ಕೋಲಾರದ ಇ.ಟಿ.ಸಿ.ಎಂ. ಆಸ್ಪತ್ರೆ ನೂರು ವರ್ಷ ದಾಟಿದ ಮಿಶನ್ ಆಸ್ಪತ್ರೆ. ಹಳ್ಳಿಯಿಂದ ಬಂದ ಯಾರಿಗಾದರೂ ರಾತ್ರಿ ಜೊತೆಗಿರಲು ಜನ ಇಲ್ಲವೆಂದು ಗೊತ್ತಾದರೆ ಅಯ್ಯನವರ ಮನೆಯ ಅಮ್ಮನವರು ಮೊದಲು ಫೋನ್ ಮಾಡುವುದು ಬ್ರದರ್‌ಗೆ. ಕಂಬಳಿ, ಫ್ಲಾಸ್ಕು, ಎರಡು ಬನ್ನು ಹಿಡಿದು ಬರುತ್ತಾರೆ. ರೋಗಿಯ ಜಾತಿ ಕೇಳುವುದಿಲ್ಲ, ಸಭೆ ಕೇಳುವುದಿಲ್ಲ, ಬೆಳೆಯುತ್ತಿದ್ದೀರಾ ಎಂದೂ ಕೇಳುವುದಿಲ್ಲ. ಡ್ರಿಪ್ ಮುಗಿದರೆ ನರ್ಸಮ್ಮನನ್ನು ಕರೆಯುತ್ತಾರೆ, ಬೆಡ್‌ಪ್ಯಾನ್ ತೊಳೆಯುತ್ತಾರೆ, ಬೆಳಗಿನ ಜಾವ ಸ್ಟೂಲಿನ ಮೇಲೆ ಕೂತಲ್ಲೇ ಗೊರಕೆ ಹೊಡೆಯುತ್ತಾರೆ. ಅದಕ್ಕೆ ಅವರ ಪುಸ್ತಕದಲ್ಲಿ ಕಲಮಿಲ್ಲ. ಆ ತಾರೀಖುಗಳ ಎದುರು ಇರುವುದು ಕೆಂಪು ಶಾಯಿ: ‘ಬೆಳಗಿನ ಧ್ಯಾನ ತಪ್ಪಿತು.’

ಕೋಲಾರದಲ್ಲಿ ನಿಮ್ಮವರು ಯಾರಾದರೂ ಆಸ್ಪತ್ರೆ ಸೇರಿದರೆ ಸಂಕೋಚವಿಲ್ಲದೆ ಅವರನ್ನು ಕರೆಯಿರಿ. ಬುಧವಾರ, ಶುಕ್ರವಾರ ಬನ್ನು ಕೊಡಲು ಹೋಗಬೇಡಿ. ಐದು ಗಂಟೆಗೆ ಮುಂಚೆ ದಯವಿಟ್ಟು ಮನೆಗೆ ಕಳಿಸಿಬಿಡಿ, ಈ ತಿಂಗಳು ಆಗಲೇ ಕೆಂಪು ಜಾಸ್ತಿಯಾಗಿದೆ.