ಮಂಡಿಗೆ ಮೀಮಾಂಸೆ: ಬೀದರ್–ಪಟಾನ್‌ಚೆರು ಬಸ್ಸಿನ ಯುವಜನರಲ್ಲಿ ಹಗಲುಗನಸು ಮತ್ತು ವ್ಯಕ್ತಿತ್ವ

ಮನಸ್ಸಿನಲ್ಲಿ ಮಂಡಿಗೆ ತಿನ್ನುವ ಕ್ರಿಯೆಗೆ ಶಾಸ್ತ್ರದ ಅಂತಸ್ತು ಸಿಕ್ಕಿದ್ದು ತೀರ ಈಚೆಗೆ. 2002ರಲ್ಲಿ ಇಸ್ರೇಲಿನ ಮನೋವಿಜ್ಞಾನಿ ಎಲಿ ಸೋಮರ್, ಬದುಕಿಗೇ ಅಡ್ಡ ಬರುವಷ್ಟು ಹಗಲುಗನಸು ಕಾಣುವ ಆರು ಮಂದಿಯನ್ನು ನೋಡಿ ಅದಕ್ಕೊಂದು ಹೆಸರಿಟ್ಟರು. ಆರೇ ಮಂದಿ! ನಾವು ಇಡೀ ಬಸ್ಸನ್ನೇ ಆರಿಸಿಕೊಂಡಿದ್ದೇವೆ: ಬೀದರ್‌ನಿಂದ ಜಹೀರಾಬಾದ್, ಸಂಗಾರೆಡ್ಡಿ ಮೇಲೆ ಪಟಾನ್‌ಚೆರುವಿನ ಕಾರ್ಖಾನೆಗಳಿಗೆ ಹೊರಟ ಹುಡುಗರ ಬಸ್ಸು. 2010ರ ಅಮೆರಿಕದ ಅಧ್ಯಯನವೊಂದರಲ್ಲಿ 2,250 ಮಂದಿಯನ್ನು ಫೋನಿನಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ವಿಚಾರಿಸಿದಾಗ ಶೇ. 46.9 ಸಲ ಮನಸ್ಸು ಬೇರೆಲ್ಲೋ ಇತ್ತಂತೆ. ಉಳಿದ ಶೇ. 53.1 ಉತ್ತರಗಳು ಸುಳ್ಳೆಂಬುದು ನಮ್ಮ ದೃಢ ಅಭಿಪ್ರಾಯ.

ಕ್ಷೇತ್ರದ ಆಯ್ಕೆಗೂ ಕಾರಣವುಂಟು. ಪಟಾನ್‌ಚೆರುವಿನಲ್ಲಿ 1972ರಲ್ಲಿ ಹುಟ್ಟಿದ ಇಕ್ರಿಸ್ಯಾಟ್ ಸಂಸ್ಥೆ, ಒಣಭೂಮಿಯ ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾಗಳ ಬೆನ್ನು ಹತ್ತಿದೆ. ನೀರೂ ಬೇಡದ, ಬೀಜವೂ ಬೇಡದ, ದಿನಕ್ಕೊಂದು ಫಸಲು ಕೊಡುವ ಬೆಳೆ ಪಕ್ಕದ ಹೆದ್ದಾರಿಯಲ್ಲೇ ಬಸ್ಸು ಹತ್ತಿ ಹೋಗುವುದು ಅಲ್ಲಿನ ವಿಜ್ಞಾನಿಗಳ ಕಣ್ಣಿಗೆ ಬಿದ್ದಂತಿಲ್ಲ.

ಇನ್ನು ವ್ಯಕ್ತಿತ್ವ. ಮನೋವಿಜ್ಞಾನಿ ಯೂಂಗ್ 1921ರಲ್ಲಿ ಹೇಳಿದ ಅಂತರ್ಮುಖಿ, ಬಹಿರ್ಮುಖಿಗಳು ಬಸ್ಸಿನಲ್ಲಿ ಕಿಟಕಿಮುಖಿ, ಬಾನೆಟ್‌ಮುಖಿ ಆಗುತ್ತಾರೆ. ಬಾನೆಟ್‌ಮುಖಿ ತನ್ನ ಕನಸನ್ನು ಡ್ರೈವರನಿಗೆ ಹೇಳಿಬಿಡುವುದರಿಂದ ಅದು ಬರೀ ಬಡಾಯಿ, ಶಾಸ್ತ್ರಕ್ಕೆ ಬಾರದು. ನಮಗೆ ಬೇಕಾದವನು ಕಿಟಕಿಮುಖಿ. ಕಿವಿಗೆ ಹಾಡು, ಮೈಗೆ ಓಲಾಟ ಇದ್ದರೆ ಹಗಲುಗನಸು ಗಟ್ಟಿಯಾಗುತ್ತದೆಂದು ಬಲ್ಲವರು ಬರೆದಿದ್ದಾರೆ. ಇಲ್ಲಿ ಹಾಡು ಮೊಬೈಲಿನದು, ಓಲಾಟ ರಸ್ತೆಯದು.

ಮೂರನೇ ಸಾಲಿನ ಹುಡುಗನೊಬ್ಬನನ್ನು ಗಮನಿಸಿದೆವು. ಸದಾಶಿವಪೇಟೆಯಲ್ಲಿ ಅವನ ತುಟಿ ಅಲುಗಿತು. ಸೂಪರ್‌ವೈಸರನಿಗೆ ನಿನ್ನೆ ಕೊಡಬೇಕಿದ್ದ ಉತ್ತರವನ್ನು ಈಗ ಕೊಡುತ್ತಿದ್ದ. ಸಂಗಾರೆಡ್ಡಿ ದಾಟುವಾಗ ನಕ್ಕ, ಸೂಪರ್‌ವೈಸರ್ ತಪ್ಪೊಪ್ಪಿಕೊಂಡಿರಬೇಕು. ತೊಡೆಯ ಮೇಲಿನ ಬುತ್ತಿಯಿಂದ ಪಲ್ಯದ ಎಣ್ಣೆ ಪ್ಯಾಂಟಿಗಿಳಿದರೂ ಪರಿವೆಯಿಲ್ಲ. ಇದರಿಂದ ಸಿದ್ಧವಾಗುವುದೇನೆಂದರೆ, ಹೊರಗೆ ಎದುರಾಡದವರೇ ಒಳಗೆ ಮಹಾ ವಾಗ್ಮಿಗಳು.

ಈ ಸಿದ್ಧಾಂತಕ್ಕೆ ಗೌರವ ಡಾಕ್ಟರೇಟ್ ಖಚಿತವೆನಿಸಿತು. ಘಟಿಕೋತ್ಸವಕ್ಕೆ ಗೌನೋ ಜರಿ ರುಮಾಲೋ ಎಂಬ ತೊಡಕೊಂದಿತ್ತು. ರುಮಾಲೇ ಸರಿಯೆಂದು ತೀರ್ಮಾನಿಸಿದೆವು. ರಾಜ್ಯಪಾಲರು ಹತ್ತಿರ ಬಂದು ಭುಜ ಮುಟ್ಟಿದರು.

"ಕಾಕಾ, ಎಲ್ಲಿ ಇಳಿತೀರಿ? ಪಟಾನ್‌ಚೆರು ಹಿಂದ್ ಹೋಯ್ತಲ್ರಿ!"

ಖಾಕಿ ಹಾಕಿದ್ದರು, ಕೈಯಲ್ಲಿ ಟಿಕೆಟ್ ಮಷಿನ್ನು. ಹೊರಗೆ ಮಿಯಾಪುರದ ಮೆಟ್ರೊ ಕಂಬಗಳು. ಮೂರನೇ ಸಾಲು ಖಾಲಿಯಿತ್ತು. ಹುಡುಗ ತನ್ನ ಸ್ಟಾಪಿನಲ್ಲಿ ಸರಿಯಾಗಿ ಇಳಿದು ಹೋಗಿದ್ದ.