ಪಕ್ಕದ ಕೋಣೆಯ ಅಪರಿಚಿತ

ಒಂದೇ ಸೂರಿನಡಿ, ಒಂದೇ ರೂಟರಿನಿಂದ ಸಂಪರ್ಕ ಪಡೆಯುವ ಎರಡು ಕಂಪ್ಯೂಟರ್‌ಗಳು ಪರಸ್ಪರ ಗುರುತಿಸಲು ನಿರಾಕರಿಸುವ ವಿದ್ಯಮಾನವು ಗೃಹಜಾಲಗಳಲ್ಲಿ ಸರ್ವೇಸಾಮಾನ್ಯವಾಗಿದ್ದು, ದಾಯಾದಿಗಳ ಮೌನವನ್ನು ಬಲ್ಲ ಕುಟುಂಬಗಳಿಗೆ ಇದು ಹೊಸತೆನಿಸದು. ವಿಂಡೋಸ್ ತಾನು ಸೇರಿದ ಜಾಲವನ್ನು ‘ಸಾರ್ವಜನಿಕ’ ಅಥವಾ ‘ಖಾಸಗಿ’ ಎಂದು ವರ್ಗೀಕರಿಸುತ್ತದೆ. ಮನೆಯ ವೈಫೈಯನ್ನು ಅದು ಸಾರ್ವಜನಿಕವೆಂದು ಬಗೆದಲ್ಲಿ, ಫೈರ್‌ವಾಲ್, ಎಂದರೆ ಒಳಬರುವ ಸಂಪರ್ಕಗಳನ್ನು ತಡೆದು ಪರಿಶೀಲಿಸುವ ತಂತ್ರಾಂಶವು, ಮನೆಯ ಯಜಮಾನನ ಕೋರಿಕೆಯನ್ನೂ ನಿರ್ದಾಕ್ಷಿಣ್ಯವಾಗಿ ತಿರಸ್ಕರಿಸುತ್ತದೆ. ವರ್ಗ ಬದಲಾಯಿಸಿ, ಕಡತ ಹಂಚಿಕೆಗೆ ಅನುಮತಿ ನೀಡಿದ ಬಳಿಕ ಪಾಸ್‌ವರ್ಡಿನ ಸರದಿ ಬರುತ್ತದೆ. ನಿತ್ಯ ಬಳಸುವ ಪಿನ್ ಆಯಾ ಯಂತ್ರಕ್ಕಷ್ಟೇ ಸೀಮಿತವಾದುದರಿಂದ ಇಲ್ಲಿ ಚಲಾವಣೆಯಾಗದು. ಖಾತೆಯ ಮೂಲ ಪಾಸ್‌ವರ್ಡೇ ಬೇಕಾಗಿದ್ದು, ಅದನ್ನು ಸೃಷ್ಟಿಸಿದವರೇ ಮರೆತಿರುವುದು ವಾಡಿಕೆ.

ಈ ಗೋಜಲನ್ನು ಸರಳಗೊಳಿಸಲೆಂದು 2009ರಲ್ಲಿ ವಿಂಡೋಸ್ 7ರೊಡನೆ ಬಂದ ‘ಹೋಮ್‌ಗ್ರೂಪ್’ ಸೌಲಭ್ಯವನ್ನು, ಜನರು ಅದಕ್ಕೆ ಒಗ್ಗಿಕೊಳ್ಳುವಷ್ಟರಲ್ಲಿ, 2018ರ ವಿಂಡೋಸ್ 10 ಪರಿಷ್ಕರಣೆಯಲ್ಲಿ ಕೈಬಿಡಲಾಯಿತು. ಕಡತ ಸಾಗಿಸುವ ನಿಯಮಾವಳಿಯಾದ ಎಸ್‌ಎಂಬಿಯ ಮೊದಲ ಆವೃತ್ತಿಯ ದೋಷವನ್ನು 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶವು ಬಳಸಿಕೊಂಡದ್ದರಿಂದ, ಆ ಆವೃತ್ತಿಯನ್ನೇ ನಂಬಿರುವ ಹಳೆಯ ಯಂತ್ರಕ್ಕಾಗಿ ಅದನ್ನು ಪುನಃ ಚಾಲೂ ಮಾಡುವುದು ಅವಿವೇಕ (ಅಂತರಜಾಲದ ಪುಕ್ಕಟೆ ಪಂಡಿತರು ಮೊದಲು ಸೂಚಿಸುವುದು ಅದನ್ನೇ).

ಇಷ್ಟೆಲ್ಲ ಪರಿಶ್ರಮಕ್ಕೆ ಮುನ್ನ ಓದುಗರು, ಎರಡರಲ್ಲೊಂದು ಯಂತ್ರ ‘ಅತಿಥಿ’ ವೈಫೈಗೆ ಸೇರಿಕೊಂಡಿದೆಯೇ ಎಂದು ನೋಡುವುದು ಒಳ್ಳೆಯದು. ಅತಿಥಿಗಳನ್ನು ಮನೆಯವರ ಕಡತಗಳಿಂದ ದೂರವಿಡುವುದೇ ಆ ಸೌಲಭ್ಯದ ಉದ್ದೇಶವಾಗಿದೆ.