ಘನ ಕಾಯ್ದೆಯವರಿಗೆ ಶಿವಾರಪಟ್ಟಣದಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಕರ್ನಾಟಕ ಕೃಷಿ ಪೀಡೆ ಮತ್ತು ರೋಗಗಳ ಕಾಯ್ದೆ, 1968 ಅವರು,
ರಾಜ್ಯಪತ್ರದ ಹಳೆಯ ಸಂಪುಟಗಳ ಕಪಾಟು, ಬೆಂಗಳೂರು.

ವಿಷಯ: ಅಧಿಸೂಚಿತ ಕಳೆಯಾದ ಪಾರ್ಥೇನಿಯಂ ಗಿಡವು ಸರ್ಕಾರಿ ನೆಲದಲ್ಲಿ ನಿರಾತಂಕವಾಗಿ ವಾಸವಾಗಿರುವ ಕುರಿತು.

ಮಾನ್ಯರೇ,

ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಶಿವಾರಪಟ್ಟಣವು ಕಲ್ಲಿನಲ್ಲಿ ದೇವರನ್ನು ಕಡೆಯುವ ಶಿಲ್ಪಿಗಳ ಊರಾಗಿದ್ದು, ಅಲ್ಲಿ ತಯಾರಾದ ವಿಗ್ರಹಗಳು ರಾಜ್ಯದ ಗಡಿಯನ್ನೂ ದಾಟಿ ಗುಡಿಗಳಲ್ಲಿ ನೆಲೆಗೊಂಡಿವೆ. ವಿಗ್ರಹವು ಎಷ್ಟೇ ಲಕ್ಷಣವಾಗಿ ಮೂಡಿಬಂದಿದ್ದರೂ ನೇತ್ರೋನ್ಮೀಲನ, ಅಂದರೆ ಕಣ್ಣು ತೆರೆಸುವ ವಿಧಿ, ನಡೆಯುವವರೆಗೆ ಅದು ಕಲ್ಲೇ ಹೊರತು ದೇವರಲ್ಲ ಎಂಬುದು ಆ ಊರಿನವರಿಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ. ಆದ್ದರಿಂದ ಮಾನ್ಯ ಕಾಯ್ದೆಯವರು 1968ರಲ್ಲಿಯೇ ಸರ್ವಾಂಗಸುಂದರವಾಗಿ ರಚಿತರಾಗಿದ್ದರೂ ರಸ್ತೆಬದಿಯಲ್ಲಿ ಸೊಂಟದೆತ್ತರಕ್ಕೆ ನಿಂತಿರುವ ಪಾರ್ಥೇನಿಯಂ ಇಂದಿಗೂ ಅವರ ದೃಷ್ಟಿಗೆ ಬೀಳದಿರುವುದೇಕೆ ಎಂಬ ಜಿಜ್ಞಾಸೆಯನ್ನು ಇಂಥ ಊರಿನಿಂದಲೇ ಆರಂಭಿಸುವುದು ಉಚಿತ.

ಹುಟ್ಟಿದಾಗ ಮೈಸೂರಿನ ಹೆಸರನ್ನು ಹೊತ್ತು, 1973ರಲ್ಲಿ ರಾಜ್ಯಕ್ಕೇ ಹೊಸ ಹೆಸರು ಬಂದ ಮೇಲೆ ಕರ್ನಾಟಕದವರಾದ ಮಾನ್ಯರ ಅಧಿಕಾರ ಸಾಮಾನ್ಯವಾದುದಲ್ಲ. ಯಾವುದೇ ಕೀಟವನ್ನು, ರೋಗವನ್ನು ಅಥವಾ ಗಿಡವನ್ನು ಬೆಳೆಗೆ ಹಾನಿಕರವೆಂದು ಸರ್ಕಾರವು ರಾಜ್ಯಪತ್ರದಲ್ಲಿ ಘೋಷಿಸಬಹುದು. ಹಾಗೆ ಘೋಷಿಸಿದ ಮೇಲೆ ಅದನ್ನು ನಾಶಪಡಿಸುವ ಹೊಣೆ ಅಧಿಭೋಗದಾರನ ಮೇಲೆ, ಅಂದರೆ ಆ ನೆಲವನ್ನು ಸದ್ಯ ಅನುಭವಿಸುತ್ತಿರುವವನ ಮೇಲೆ ಬೀಳುತ್ತದೆ. ಆತ ಸುಮ್ಮನಿದ್ದರೆ ನಿರೀಕ್ಷಕನು ಜಮೀನನ್ನು ಪ್ರವೇಶಿಸಿ, ನೋಟಿಸು ಕೊಟ್ಟು, ಅದಕ್ಕೂ ಬಗ್ಗದಿದ್ದರೆ ಆಳುಗಳಿಂದ ಕೀಳಿಸಿ, ತಗಲಿದ ವೆಚ್ಚವನ್ನು ಅವನಿಂದಲೇ ವಸೂಲು ಮಾಡಬಹುದು. ಓದುವುದಕ್ಕೆ ಇಷ್ಟು ಭಯಂಕರವಾಗಿರುವ ಕಾಯ್ದೆಯೊಂದು ನಡೆಯಲ್ಲಿ ಇಷ್ಟು ಸಾಧುವಾಗಿರುವುದು ಆಡಳಿತಶಾಸ್ತ್ರದ ವಿದ್ಯಾರ್ಥಿಗಳಿಗೆ ಅಧ್ಯಯನಯೋಗ್ಯ ವಿಷಯ. ಸರ್ಕಾರಿ ನೌಕರರು 60 ವರ್ಷಕ್ಕೆ ನಿವೃತ್ತರಾಗುವ ರಾಜ್ಯದಲ್ಲಿ ಮಾನ್ಯರ ನಿವೃತ್ತಿಯೂ ದೂರವಿಲ್ಲವಾದ್ದರಿಂದ, ಸೇವಾವಧಿಯಲ್ಲಿ ಒಮ್ಮೆಯಾದರೂ ಕ್ಷೇತ್ರ ಪ್ರವಾಸ ಕೈಗೊಳ್ಳಬೇಕೆಂದು ಕೋರುವುದು ಅತಿಯಾಗಲಾರದು.

ಪ್ರತಿವಾದಿಯ ಪರಿಚಯವನ್ನು ದಾಖಲೆಗಾಗಿ ನೀಡುವುದಾದರೆ, ಪಾರ್ಥೇನಿಯಂ ಹಿಸ್ಟರೋಫೋರಸ್ ಎಂಬ ಶಾಸ್ತ್ರೀಯ ನಾಮದ, ಹಳ್ಳಿಗಳಲ್ಲಿ ಕಾಂಗ್ರೆಸ್ ಗಿಡವೆಂದೂ ಕರೆಸಿಕೊಳ್ಳುವ ಈ ಸಸ್ಯವು ಅಮೆರಿಕ ಖಂಡದ ಉಷ್ಣವಲಯದ್ದು. 1955ರ ಸುಮಾರಿಗೆ ಪುಣೆಯಲ್ಲಿ ಸಸ್ಯಶಾಸ್ತ್ರಜ್ಞರ ಗಮನಕ್ಕೆ ಬಂದ ಇದು ಆಮದು ಗೋಧಿಯ ಜೊತೆಯಲ್ಲಿ ಬಂದಿತೆಂಬುದು ಸಾಮಾನ್ಯವಾಗಿ ಹೇಳಲಾಗುವ ಮಾತು. ಒಂದೇ ಗಿಡ ಹತ್ತು ಸಾವಿರಕ್ಕೂ ಮೀರಿ ಬೀಜ ಉದುರಿಸುತ್ತದೆ. ಮೊಳೆತ ನಾಲ್ಕಾರು ವಾರಗಳಲ್ಲಿ ಹೂವಿಗೆ ಬರುತ್ತದೆ. ಅದರಲ್ಲಿರುವ ಪಾರ್ಥೇನಿನ್ ಎಂಬ ವಿಷವಸ್ತು ಕೆಲವರ ಚರ್ಮದಲ್ಲಿ ತುರಿಕೆ ಮತ್ತು ಉರಿಯೂತವನ್ನೂ, ಅದರ ಪರಾಗವು ಸೀನು ಮತ್ತು ಉಬ್ಬಸವನ್ನೂ ಉಂಟುಮಾಡುತ್ತದೆ. ಇದನ್ನು ತಿಂದ ಹಸುವಿನ ಹಾಲು ಕಹಿಯಾಗುತ್ತದೆ. ಇಷ್ಟೆಲ್ಲ ಆರೋಪಗಳ ಹಿನ್ನೆಲೆಯಲ್ಲಿ 1975ರಲ್ಲಿ ಮಾನ್ಯರ ಅಧಿಕಾರದಡಿಯಲ್ಲಿಯೇ ಇದನ್ನು ಹಾನಿಕರ ಕಳೆಯೆಂದು ಘೋಷಿಸಲಾಯಿತು. ಆ ಘೋಷಣೆಗೆ ಅರ್ಧ ಶತಮಾನವಾಯಿತು. ಸುವರ್ಣ ಮಹೋತ್ಸವವನ್ನು ಗಿಡವು ಜಿಲ್ಲೆಯಾದ್ಯಂತ ಬಿಳಿ ಹೂಗಳಿಂದ ಆಚರಿಸಿತು. ಕಾಯ್ದೆಯ ಕಡೆಯಿಂದ ಯಾರೂ ಬಂದ ಸುಳಿವಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ರಾಗಿ ಹೊಲದಲ್ಲಿ ಪಾರ್ಥೇನಿಯಂ ಹುಟ್ಟಿದರೆ ರೈತನು ಕುಂಟೆ ಹೊಡೆದೋ ಕಳೆ ಕೀಳುವ ಹೆಣ್ಣಾಳುಗಳನ್ನು ಕರೆದೋ ಅದನ್ನು ತೆಗೆಯುತ್ತಾನೆ. ಅದಕ್ಕೆ ಅವನಿಗೆ ಯಾವ ಅಧಿಸೂಚನೆಯೂ ಬೇಕಿಲ್ಲ, ಏಕೆಂದರೆ ಬೆಳೆ ಹೋದರೆ ಹೋಗುವುದು ಅವನದೇ. ಕಾಯ್ದೆಯು ಅಧಿಭೋಗದಾರನೆಂದು ಬೆರಳು ತೋರಿಸಬಲ್ಲ ಏಕೈಕ ವ್ಯಕ್ತಿಯು ಕಾಯ್ದೆಯಿಲ್ಲದೆಯೂ ಅದನ್ನು ಪಾಲಿಸುತ್ತಿದ್ದಾನೆ ಎಂದಾಯಿತು. ಗಿಡವು ನಿಜವಾಗಿ ಬೇರುಬಿಟ್ಟಿರುವುದು ಗೋಮಾಳದಲ್ಲಿ, ಖರಾಬು ಜಮೀನಿನಲ್ಲಿ, ಕೆರೆಯ ಏರಿಯ ಮೇಲೆ, ಕಚೇರಿಗಳ ಆವರಣದಲ್ಲಿ, ಬಡಾವಣೆಯಾಗಲೆಂದು ಕಲ್ಲು ನೆಟ್ಟು ಬಿಟ್ಟ ನಿವೇಶನಗಳಲ್ಲಿ ಮತ್ತು ರಸ್ತೆಯ ಇಕ್ಕೆಲಗಳಲ್ಲಿ. ರಸ್ತೆಯೆಂದರೂ ಅದು ಒಬ್ಬರದಲ್ಲ. ಕೆಲವು ಲೋಕೋಪಯೋಗಿ ಇಲಾಖೆಯವು, ಕೆಲವು ಜಿಲ್ಲಾ ಪಂಚಾಯಿತಿಯವು, ರಾಷ್ಟ್ರೀಯ ಹೆದ್ದಾರಿಯಾದರೆ ದೆಹಲಿಯವರದು. ಕೆರೆಯ ವಿಷಯದಲ್ಲಿ ಹಂಚಿಕೆ ಇನ್ನೂ ವಿದ್ವತ್ಪೂರ್ಣವಾಗಿದ್ದು, 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿರುವ ಕೆರೆ, ಅಂದರೆ ಅಷ್ಟು ಜಮೀನಿಗೆ ನೀರುಣಿಸಬೇಕಾದ ಕೆರೆ, ಸಣ್ಣ ನೀರಾವರಿ ಇಲಾಖೆಗೂ ಅದಕ್ಕಿಂತ ಚಿಕ್ಕದು ಪಂಚಾಯಿತಿ ವ್ಯವಸ್ಥೆಗೂ ಸೇರುತ್ತದೆ. ಅಂಗಳದ ಒತ್ತುವರಿ ಕಂದಾಯ ಇಲಾಖೆಯ ಚಿಂತೆ. ಅಲ್ಲಿ ಬೆಳೆದ ಮರವನ್ನು ಕಡಿಯಲು ಅರಣ್ಯ ಇಲಾಖೆಯನ್ನು ಕೇಳಬೇಕು. ಗಿಡಕ್ಕೆ ಮಾತ್ರ ಈ ಗಡಿಗಳ ಬಗ್ಗೆ ಯಾವ ಗೊಂದಲವೂ ಇಲ್ಲ.

ಇಂಥ ನೆಲದಲ್ಲಿ ಕಾಯ್ದೆಯನ್ನು ಅಕ್ಷರಶಃ ಜಾರಿಗೊಳಿಸಿದರೆ ಏನಾಗುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ. ಸರ್ಕಾರದ ಒಬ್ಬ ನಿರೀಕ್ಷಕನು ಸರ್ಕಾರದ್ದೇ ಒಬ್ಬ ಅಭಿಯಂತರನಿಗೆ ನೋಟಿಸು ನೀಡುತ್ತಾನೆ. ಅಭಿಯಂತರನು ಅನುದಾನವಿಲ್ಲವೆಂದು ಮರುಪತ್ರ ಬರೆಯುತ್ತಾನೆ. ನಿರೀಕ್ಷಕನು ಗಿಡವನ್ನು ಕೀಳಿಸಿ, ಆ ವೆಚ್ಚವನ್ನು ಸರ್ಕಾರದಿಂದ ಸರ್ಕಾರಕ್ಕೆ ವಸೂಲು ಮಾಡುತ್ತಾನೆ. ಕಡತವು ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಓಡಾಡುವಷ್ಟರಲ್ಲಿ ಗಿಡದ ಎರಡು ತಲೆಮಾರು ಬೀಜ ಉದುರಿಸಿ ಮುಗಿಸಿರುತ್ತದೆ. ಬಹುಶಃ ಇದನ್ನೆಲ್ಲ ಮುಂದಾಗಿಯೇ ಗ್ರಹಿಸಿದ ಮಾನ್ಯರು ಕಪಾಟಿನಲ್ಲಿ ಉಳಿಯುವುದೇ ಲೇಸೆಂದು ತೀರ್ಮಾನಿಸಿರಬೇಕು.

ಕಾಯ್ದೆಗೆ ಬದಲಾಗಿ ನಾಡಿಗೆ ದೊರೆತಿರುವುದು ಜಾಗೃತಿ. ಜಬಲ್ಪುರದ ಕಳೆ ಸಂಶೋಧನಾ ನಿರ್ದೇಶನಾಲಯದ ಪ್ರೇರಣೆಯಿಂದ ಪ್ರತಿವರ್ಷ ಆಗಸ್ಟ್ 16ರಿಂದ 22ರವರೆಗೆ ದೇಶಾದ್ಯಂತ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಯುತ್ತದೆ. ಉದ್ದೇಶ ಒಳ್ಳೆಯದೇ, ವಿಜ್ಞಾನಿಗಳ ಶ್ರಮವೂ ಪ್ರಾಮಾಣಿಕವಾದುದೇ. ಆದರೆ ಕೋಲಾರದ ನೆಲಕ್ಕೆ ಮೇ ತಿಂಗಳಲ್ಲಿಯೇ ಮುಂಗಾರುಪೂರ್ವ ಮಳೆ ಬೀಳುವುದರಿಂದ ಆಗಸ್ಟ್ ನಡುವಿನ ಹೊತ್ತಿಗೆ ಗಿಡಗಳು ಹೂವು ಬಿಟ್ಟು ಬೀಜ ಕಟ್ಟುತ್ತಿರುತ್ತವೆ. ಕೀಳಬೇಕಾದುದು ಎಲೆಗಳು ನೆಲಕ್ಕೆ ಚಕ್ರದಂತೆ ಹರಡಿಕೊಂಡಿರುವ ಎಳೆಯ ಹಂತದಲ್ಲಿ, ಮಣ್ಣು ಹಸಿಯಾಗಿರುವಾಗ, ಬೇರು ಸಮೇತ, ಕೈಗವಸು ತೊಟ್ಟು. ಹೂಬಿಟ್ಟ ಗಿಡವನ್ನು ಬರಿಗೈಯಲ್ಲಿ ಹಿಡಿದು ಗಣ್ಯರು ಛಾಯಾಚಿತ್ರಕ್ಕೆ ನಿಲ್ಲುವಾಗ ಪರಾಗವು ಶಾಲಾ ಮಕ್ಕಳ ಮೂಗಿಗೂ ಬೀಜವು ಹೊಸ ನೆಲಕ್ಕೂ ತಲುಪುತ್ತದೆ. ಕಿತ್ತ ರಾಶಿಯನ್ನು ಟ್ರ್ಯಾಕ್ಟರಿನಲ್ಲಿ ತುಂಬಿ ಊರ ಹೊರಗೆ ಸುರಿದರಂತೂ ಗಿಡದ ಪ್ರಯಾಣ ವೆಚ್ಚವನ್ನೂ ಸರ್ಕಾರವೇ ಭರಿಸಿದಂತಾಗುತ್ತದೆ.

ಈ ಇಡೀ ಇತಿಹಾಸದಲ್ಲಿ ಕರ್ತವ್ಯಪ್ರಜ್ಞೆ ಮೆರೆದ ಪಾತ್ರವೊಂದಿದೆ. ಮೆಕ್ಸಿಕೋದಿಂದ 1983ರಲ್ಲಿ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಗೆ ತರಿಸಲಾದ ಜೈಗೋಗ್ರಾಮ ಬೈಕಲರೇಟ ಎಂಬ ಪುಟ್ಟ ದುಂಬಿಯು, ಪರೀಕ್ಷೆಗಳೆಲ್ಲ ಮುಗಿದು ಮರುವರ್ಷ ಬಯಲಿಗೆ ಬಿಟ್ಟ ಮೇಲೆ, ಮರಿಯಾಗಿಯೂ ಬೆಳೆದ ಹುಳುವಾಗಿಯೂ ಪಾರ್ಥೇನಿಯಂ ಎಲೆಯನ್ನೇ ತಿಂದು ಬದುಕುತ್ತಾ ಸುತ್ತಮುತ್ತಲಿಗೆ ಹರಡಿತು. ಒಂದು ಜೀವಿಯ ಹಾವಳಿಯನ್ನು ಅದರ ಸಹಜ ಶತ್ರುವಿನಿಂದಲೇ ತಗ್ಗಿಸುವ ಈ ವಿಧಾನಕ್ಕೆ ಜೈವಿಕ ನಿಯಂತ್ರಣವೆಂದು ಹೆಸರು. ದುಂಬಿಗೆ ಸಿಕ್ಕ ಸನ್ಮಾನ ಮಾತ್ರ ವಿಚಾರಣೆ. ಸೂರ್ಯಕಾಂತಿಯ ಎಲೆಯನ್ನೂ ತಿನ್ನುತ್ತಿದೆಯೆಂಬ ದೂರು ರಾಜ್ಯದಲ್ಲಿ ಎದ್ದಾಗ ಕೇಂದ್ರದ ಮಟ್ಟದಲ್ಲಿ ಸತ್ಯಶೋಧನಾ ಸಮಿತಿ ರಚನೆಯಾಗಿ, ದುಂಬಿಯನ್ನು ಮತ್ತೆ ಬಿಡುವುದಕ್ಕೆ ತಡೆ ಬಿತ್ತು. ಪಾರ್ಥೇನಿಯಂ ಪರಾಗವು ಗಾಳಿಯಲ್ಲಿ ಬಂದು ಸೂರ್ಯಕಾಂತಿಯ ಎಲೆಯ ಮೇಲೆ ಬಿದ್ದಿದ್ದರಿಂದ ದುಂಬಿ ಅಲ್ಲಿ ಬಾಯಿ ಹಾಕಿತ್ತೆಂಬ ವಿವರಣೆಯನ್ನು ವಿಜ್ಞಾನಿಗಳು ಕೊಟ್ಟ ಮೇಲೂ ತಡೆಯು ತೆರವಾದದ್ದು 1999ರಲ್ಲಿ. ಕಳೆಯನ್ನು ಬೆಳೆಯಗೊಟ್ಟವರ ಮೇಲೆ ಒಂದು ಸಮಿತಿಯೂ ಕೂರದ ದೇಶದಲ್ಲಿ ಕಳೆಯನ್ನು ತಿಂದ ಹುಳುವಿನ ಮೇಲೆ ಕೂತಿತೆಂಬುದನ್ನು ಮಾನ್ಯರು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಬಹುದು.

ಮಾನ್ಯರು ಒಂಟಿಯೆಂದು ಕೊರಗಬೇಕಿಲ್ಲ, ವಂಶ ದೊಡ್ಡದು. ಕೊಡಗಿನಲ್ಲಿ ಲಂಟಾನದ ಹಾವಳಿಗಾಗಿ 1914ರಲ್ಲಿಯೇ ಕಳೆ ನಿಯಂತ್ರಣ ಶಾಸನವೊಂದು ಬಂದಿತ್ತು. ಲಂಟಾನ ಅಲ್ಲಿನ ಕಾಡುಗಳಲ್ಲಿ ಇಂದಿಗೂ ಕ್ಷೇಮವಾಗಿದೆ. ನೀರಿನ ಮೇಲೆ ತೇಲುತ್ತಾ ಹಬ್ಬುವ ಹಯಸಿಂತ್ ವಿರುದ್ಧ ಬಂಗಾಳದವರು 1936ರಲ್ಲಿ ಕಾಯ್ದೆ ಮಾಡಿದ್ದಲ್ಲದೆ, 1937ರ ಚುನಾವಣೆಯಲ್ಲಿ ಅದರ ನಿರ್ಮೂಲನೆಯನ್ನೇ ಭರವಸೆಯಾಗಿ ಹಂಚಿದರು. ಕಳೆಯು ಎಲ್ಲ ಪಕ್ಷಗಳಿಗೂ ಸಮಾನ ಶತ್ರುವಾದಾಗ ಯಾರೂ ಅದನ್ನು ಕೀಳದಿರುವುದು ರಾಜಕೀಯ ಸೌಜನ್ಯವಿರಬೇಕು. ಅದೇ ಹಯಸಿಂತ್‌ಗೆ ಈಗ ಕೋಲಾರದ ಕೆರೆಗಳಲ್ಲೂ ಅನುಕೂಲ ಒದಗಿದೆ. ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಜಿಲ್ಲೆಯ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾಗಿ, ಬತ್ತಿದ ಕೆರೆಗಳಲ್ಲಿ ನೀರು ನಿಂತು, ಕೊಳವೆಬಾವಿಗಳಿಗೆ ಜೀವ ಬಂದದ್ದು ನಿಜ. ಮೂರನೆಯ ಹಂತದ ಶುದ್ಧೀಕರಣ ಬೇಕೆಂಬ ಜನರ ಬೇಡಿಕೆ ಇರುವುದೂ ನಿಜ. ಸಾರಜನಕ ಮತ್ತು ರಂಜಕ ಉಳಿದ ನೀರು ಬಿಸಿಲಿನಲ್ಲಿ ನಿಂತರೆ ಜಲಕಳೆಗೆ ಅದು ಗೊಬ್ಬರ. ನೀರು ಬಂದ ಕೆರೆಯಲ್ಲಿ ಹಯಸಿಂತ್, ಬಾರದ ಕೆರೆಯಲ್ಲಿ ಬಳ್ಳಾರಿ ಜಾಲಿ. ಆ ಜಾಲಿಯಾದರೋ ಉರುವಲಿಗೆ, ಬರಡು ನೆಲದ ಹಸಿರಿಗೆ ಎಂದು ಹಿಂದೆ ಸರ್ಕಾರಗಳೇ ಪೋಷಿಸಿದ ಕೂಸು. ಜಿಲ್ಲೆಯ ರಾಗಿ ಹೊಲಗಳಿಗೆ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ನೀಲಗಿರಿ ನುಗ್ಗಿಸಿದವರೇ 2017ರಲ್ಲಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ದೂರಿನಷ್ಟೇ ಪರಿಹಾರವನ್ನೂ ಸೂಚಿಸುವುದು ಅರ್ಜಿಯ ಧರ್ಮ. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ 10ನೆಯ ಸಂಪುಟದಲ್ಲಿ 1905ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನಗಳಲ್ಲಿ ಕಟ್ಟುಕೊಡಗೆಯ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ಕೆರೆಯನ್ನು ಕಟ್ಟಿ ಕಾಪಾಡುವವನಿಗೆ ಅದೇ ಕೆರೆಯ ಕೆಳಗೆ ಗದ್ದೆ ಬಿಟ್ಟುಕೊಡುವ ಏರ್ಪಾಡು ಅದು. ಕೆಲಸ ಯಾವುದು, ಮಾಡುವವನು ಯಾರು, ಅವನ ಅನ್ನ ಎಲ್ಲಿಂದ ಎಂಬ ಮೂರೂ ಒಂದೇ ಕಲ್ಲಿನಲ್ಲಿ ಇರುತ್ತಿದ್ದವು. ತಪ್ಪಿದವನಿಗೆ ಕಾಶಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪವೂ ಕೊನೆಯಲ್ಲಿ ಕಾದಿರುತ್ತಿತ್ತು. ಆ ಕಾಲವನ್ನು ಹೊಗಳುವುದು ಇಲ್ಲಿನ ಉದ್ದೇಶವಲ್ಲ, ಏಕೆಂದರೆ ತೂಬು ಕಾಯ್ದು ಕೆರೆ ನೋಡಿಕೊಂಡ ನೀರಗಂಟಿಯು ಹೆಚ್ಚಾಗಿ ದಲಿತ ಕುಟುಂಬದವನೇ ಆಗಿದ್ದು, ನೀರು ಹಂಚಿದವನಿಗೆ ಊರಿನಲ್ಲಿ ಮರ್ಯಾದೆಯನ್ನು ಹಂಚಿದವರು ವಿರಳ. ಆದರೂ ಹೊಣೆಗಾರನನ್ನೂ ಅವನ ಕೂಲಿಯನ್ನೂ ಹೆಸರಿಸದೆ ಬರೀ ಅಪರಾಧವನ್ನು ಹೆಸರಿಸುವ ಚಾತುರ್ಯ ಅಂದಿನ ಶಾಸನ ಬರೆದವರಿಗೆ ಒಲಿದಿರಲಿಲ್ಲ.

ಆದಕಾರಣ, ಮಾನ್ಯ ಕಾಯ್ದೆಯವರು ತಮ್ಮ ಪಠ್ಯವನ್ನು ರಾಜ್ಯಪತ್ರದಿಂದ ಹೊರತೆಗೆದು ಪ್ರತಿ ಕೆರೆಯ ಏರಿಯ ಮೇಲೆ ಕಲ್ಲಿನಲ್ಲಿ ಕಂಡರಿಸಲು ಅನುಮತಿ ನೀಡಬೇಕೆಂದು ಕೋರಲಾಗಿದೆ. ಕಲ್ಲಿಗೂ ಉಳಿಗೂ ಶಿವಾರಪಟ್ಟಣದಲ್ಲಿ ಕೊರತೆಯಿಲ್ಲ. ಕಂಡರಿಸುವವರಿಗೆ ಬೇಕಾಗಿರುವುದು ಮೂರೇ ವಿವರ: ಆ ಏರಿಯ ಅಧಿಭೋಗದಾರ ಯಾವ ಇಲಾಖೆ, ಮೇ ಮಳೆ ಬಿದ್ದ ಹದಿನೈದು ದಿನಗಳೊಳಗೆ ಗಿಡ ಕೀಳುವವರು ಯಾರು, ಅವರ ದಿನಗೂಲಿಯ ಲೆಕ್ಕಶೀರ್ಷಿಕೆ ಯಾವುದು. ಶಾಪದ ಸಾಲನ್ನು ಶಿಲ್ಪಿಗಳು ಪುಕ್ಕಟೆಯಾಗಿ ಸೇರಿಸಿಕೊಡಲಿದ್ದಾರೆ.

ಇಂತಿ,
ಶಿವಾರಪಟ್ಟಣದ ಕಡೆಯಿಂದ

ಪ್ರತಿಗಳು: ಲೋಕೋಪಯೋಗಿ, ಸಣ್ಣ ನೀರಾವರಿ, ಕಂದಾಯ, ಅರಣ್ಯ ಮತ್ತು ಕೃಷಿ ಇಲಾಖೆಗಳಿಗೆ, ಪತ್ರವು ತಮಗೆ ಸಂಬಂಧಿಸಿದ್ದಲ್ಲವೆಂದು ಪರಸ್ಪರ ವರ್ಗಾಯಿಸುವ ಸಲುವಾಗಿ, ಮತ್ತು ಮೆಕ್ಸಿಕನ್ ದುಂಬಿಗೆ, ಮಾಹಿತಿಗಾಗಿ ಮಾತ್ರ, ಏಕೆಂದರೆ ಬೇಸಿಗೆಯೆಲ್ಲ ಮಣ್ಣಿನಡಿ ನಿದ್ರಿಸಿ ಮೊದಲ ಮಳೆಗೆ ಏಳುವ ಅದು ಆದೇಶಕ್ಕಾಗಿ ಕಾಯುವುದಿಲ್ಲ.